‘ಮಾಗಿದೆ’ ಅಂದರಂತೆ

ಅವಳನ್ನು ನಾನು ಮೊದಲು ನೋಡಿದ ದಿನವೇ ನನ್ನ ಕುರ್ಚಿ ಹೋಯಿತು.

ನಮ್ಮ ಟೈಲರ್ ಅಂಗಡಿ ಉದ್ದನೆಯ ಒಂದೇ ಕೋಣೆ. ಬಾಗಿಲ ಬಳಿ ಮಾಸ್ಟರು ಬಟ್ಟೆ ಕತ್ತರಿಸುವ ಮೇಜು, ನಡುವೆ ಹೊಲಿಗೆ ಮಿಷನ್ನುಗಳು, ಕೊನೆಗೆ ಇಸ್ತ್ರಿ ಹಲಗೆ. ಕಿಟಕಿ ಇರುವುದು ಒಂದೇ. ನಮ್ಮನೆ ಯಜಮಾನರು ತೀರಿಕೊಂಡ ಮೇಲೆ ನಾನು ಕಾಜಾ ಹೊಲಿಯಲು, ಗುಂಡಿ ಹಾಕಲು ಅಲ್ಲಿಗೆ ಸೇರಿದ್ದೆ. ಕಿಟಕಿ ಪಕ್ಕದ ಕುರ್ಚಿ ನನ್ನದೆಂದು ಯಾರೂ ಹೇಳಿರಲಿಲ್ಲ. ಅಲ್ಲವೆಂದೂ ಯಾರೂ ಹೇಳಿರಲಿಲ್ಲ.

ಅವಳು ಬಂದವಳು ಮಾಸ್ಟರಿಗೆ ನಮಸ್ಕಾರ ಹೇಳುವ ಮೊದಲು ಕಿಟಕಿಯನ್ನು ನೋಡಿದಳು. ಮೂವತ್ತರ ಆಸುಪಾಸಿನ ಸಣಕಲು ಹೆಂಗಸು. ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಪುಟ್ಟ ಭೂತಗನ್ನಡಿ. ಗಡಿಯಾರ ರಿಪೇರಿಯವರು ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದ್ದು.

“ದೊಡ್ಡಮ್ಮ, ಆ ಜಾಗ ನಂಗೆ ಬೇಕು,” ಎಂದಳು.

“ಯಾಕಮ್ಮ, ನಿನ್ನ ಹೆಸರು ಬರ್ದಿದ್ಯಾ ಇಲ್ಲಿ?”

“ನಿಮ್ಮ ಹೆಸರೂ ಕಾಣ್ತಿಲ್ಲ. ಕಾಜಾನ ದೀಪದ ಬೆಳಕಲ್ಲೂ ಹೊಲೀಬಹುದು. ರಫೂಗೆ ಹಗಲೇ ಬೇಕು.”

ಮಾಸ್ಟರು ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು ನಕ್ಕರು. “ಮೊದ್ಲು ಕೆಲಸ ತೋರ್ಸು ತಾಯಿ, ಆಮೇಲೆ ಕುರ್ಚಿ ಜಗಳ,” ಎಂದು ಇಲಿ ಕಡಿದ ಒಂದು ಬೂದು ಪ್ಯಾಂಟನ್ನು ಅವಳತ್ತ ಎಸೆದರು.

ತೇಪೆ ಹಾಕುವುದು ಬೇರೆ, ರಫೂ ಹಾಕುವುದು ಬೇರೆ. ತೇಪೆ ಹಾಕಿದ್ದು ಎಲ್ಲರಿಗೂ ಕಾಣುತ್ತದೆ. ರಫೂ ಎಂದರೆ ಹರಿದ ಜಾಗವನ್ನು ಸೂಜಿಯಲ್ಲಿ ಎಳೆ ಎಳೆಯಾಗಿ ಮತ್ತೆ ನೇಯುವುದು. ಅವಳು ನಮ್ಮ ಡಬ್ಬಿಯ ದಾರವನ್ನು ಮುಟ್ಟಲಿಲ್ಲ. ಪ್ಯಾಂಟನ್ನು ಒಳಮುಖ ಮಾಡಿ, ಹೊಲಿಗೆಯ ಒಳಗೆ ಮಡಿಚಿಟ್ಟ ಅಂಚಿನಿಂದ ಎಳೆಗಳನ್ನು ಬಿಡಿಸಿಕೊಂಡಳು. “ಆ ಬಟ್ಟೆಗೆ ಆ ಬಟ್ಟೆಯದೇ ದಾರ ಆಗ್ಬೇಕು,” ಎಂದಳು. ಹೊರಗಿನ ಮೈ ಬಿಸಿಲಿಗೆ, ಒಗೆತಕ್ಕೆ ಮಾಸುತ್ತದೆ. ಒಳಗಿನ ಮಡಿಕೆ ಹಾಗೇ ಉಳಿದಿರುತ್ತದೆ. ಅದರ ದಾರ ಒಂದು ಕೂದಲಷ್ಟು ಗಾಢ. ಅದನ್ನು ಸೋಪಿನ ನೀರಿನಲ್ಲಿ ಉಜ್ಜಿ ಉಜ್ಜಿ ಹೊರಗಿನ ಬಣ್ಣಕ್ಕೆ ಇಳಿಸಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಪ್ಯಾಂಟನ್ನು ತಂದು ನನ್ನ ಮಡಿಲಿಗೆ ಹಾಕಿದಳು. “ತೂತು ಎಲ್ಲಿತ್ತು ಹೇಳಿ, ದೊಡ್ಡಮ್ಮ.”

ನಾನು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬೆರಳಾಡಿಸಿ, ಮೊಣಕಾಲಿನ ಹತ್ತಿರ ಒಂದು ಕಡೆ ಒತ್ತಿದೆ. “ಇಲ್ಲಿ.”

ಅವಳು ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ನೋಡಿದಳು. “ಹೌದು, ಒಂದೆಳೆ ಬಿಗಿಯಾಗಿದೆ,” ಎಂದು ಇಡೀ ಕೆಲಸವನ್ನು ಬಿಚ್ಚಿ ಮತ್ತೆ ನೇಯಲು ಕೂತಳು. ಎರಡನೇ ಸಲ ಕೊಟ್ಟಾಗ ನನಗೆ ಸಿಗಲಿಲ್ಲ. ನಾನೇ ಎದ್ದು ನನ್ನ ಗುಂಡಿ ಡಬ್ಬಿ ತೆಗೆದುಕೊಂಡು ಆಚೆ ಸರಿದೆ. “ಕೂತ್ಕೋ ತಾಯಿ. ಗೆದ್ದೆ.”

ಆಮೇಲೆ ವರ್ಷಗಟ್ಟಲೆ ಅವಳು ರಫೂ ಹಾಕಿದ ಪ್ರತಿ ಬಟ್ಟೆಯೂ ಅದೇ ಪ್ರಶ್ನೆ ಹೊತ್ತು ನನ್ನ ಮಡಿಲಿಗೆ ಬಂದೇ ಗಿರಾಕಿಯ ಕೈಗೆ ಹೋಗುತ್ತಿತ್ತು. ನಾನು ಸಂಕೋಚಕ್ಕೆ “ಸಿಗಲಿಲ್ಲ” ಅಂದದ್ದಿಲ್ಲ, ಅವಳು ಬಿಚ್ಚಲು ಬೇಸರಪಟ್ಟದ್ದಿಲ್ಲ. ಅಂಗಡಿಯಲ್ಲಿ ಅವಳ ಹೆಸರೇ ರಫೂ ಎಂದಾಯಿತು. ಬೇಕರಿಯಲ್ಲಿ ಹಿಟ್ಟು ಕಲಸುವ ಕೆಲಸದ ಅವಳ ಗಂಡನೂ ಬಾಗಿಲಲ್ಲಿ ನಿಂತು “ರಫೂ ಇದಾಳಾ?” ಎಂದೇ ಕೇಳುತ್ತಿದ್ದ.

ಹೀಗಿರುವಾಗ ಬ್ಯಾಂಡಿನಲ್ಲಿ ತುತ್ತೂರಿ ಊದುವವನೊಬ್ಬ ತನ್ನ ಕೆಂಪು ಕೋಟು ತಂದ. ದಪ್ಪ ಉಣ್ಣೆಯ ಕೋಟು. ಎದೆಯ ಎಡಗಡೆ ಸಿಗರೇಟಿನ ಕಿಡಿ ಬಿದ್ದು ಸುಟ್ಟಿತ್ತು.

“ಊದೋದು ಸೇದೋದು ಎರಡೂ ಒಂದೇ ಬಾಯಲ್ಲಾದ್ರೆ ಹೀಗೇ,” ಎಂದರು ಮಾಸ್ಟರು.

“ತುತ್ತೂರಿ ಅಡ್ಡ ಹಿಡ್ಕೊಂಡು ಮುಚ್ಚಿಕೊಳ್ತಾ ಇದೀನಿ ಸ್ವಾಮಿ. ಊದೋದು ನಿಲ್ಲಿಸಿದ ಕೂಡ್ಲೇ ಮಾನ ಹೋಗುತ್ತೆ.”

ರಫೂ ಕೋಟಿನ ಒಳಅಂಚಿನಿಂದ ಒಂದೆಳೆ ಬಿಡಿಸಿ, ಭೂತಗನ್ನಡಿಯಲ್ಲಿ ನೋಡಿ ಮುಖ ಸಿಂಡರಿಸಿದಳು. “ಥೂ, ಒಳಗಿನ ದಾರ ಪೂರ್ತಿ ಮಾಸಿಹೋಗಿದೆ. ಇಟ್ಟಿಗೆ ಬಣ್ಣ.”

ಕಾಜಾದ ಮೇಲೆ ನನ್ನ ಸೂಜಿ ನಿಂತಿತು. “ಏನಂದೆ?”

“ಮಾಸಿದೆ ಅಂದೆ.”

“ಒಳಗಿನ ದಾರ ಮಾಸುತ್ತೇನೇ? ನೀನೇ ಹೇಳಿಕೊಟ್ಟಿದ್ದಲ್ವಾ?”

ಅವಳು ಭೂತಗನ್ನಡಿಯನ್ನು ಬಲಗಣ್ಣಿನಿಂದ ಎಡಗಣ್ಣಿಗೆ ಬದಲಾಯಿಸಿದಳು. ಮತ್ತೆ ಬಲಕ್ಕೆ. ಮತ್ತೆ ಎಡಕ್ಕೆ. ಎಳೆಯನ್ನು ಕಿಟಕಿಯ ಹಲಗೆಯ ಮೇಲೆ ಮೆಲ್ಲಗೆ ಇಟ್ಟಳು. “ಎಡಗಣ್ಣಿಗೆ ರಕ್ತದ ಹಾಗೆ ಕೆಂಪಗಿದೆ. ಬಲಗಣ್ಣಿಗೆ ಇಟ್ಟಿಗೆ.”

ಕೆದಕಿ ಕೇಳಿದ ಮೇಲೆ ಇನ್ನೊಂದು ಮಾತು ಹೊರಬಿತ್ತು. ಆ ಕಣ್ಣನ್ನು ಆಚೀಚೆ ತಿರುಗಿಸಿದರೆ ಹಿಂದಿನಿಂದ ಯಾರೋ ಜಗ್ಗಿದ ಹಾಗೆ ನೋವು, ಮೂರ್ನಾಲ್ಕು ದಿನದಿಂದ. ನಿದ್ದೆ ಸಾಲದ್ದಕ್ಕೆ ಎಂದುಕೊಂಡಿದ್ದಳಂತೆ. ಗಂಡ ಬೇಕರಿಯಲ್ಲಿದ್ದ. ನಾನೇ ಅವಳ ಜೊತೆ ಕಣ್ಣಿನ ಆಸ್ಪತ್ರೆಗೆ ಹೊರಟೆ. ದಾರಿಯಲ್ಲೇ ಅವಳ ಬಲಗಣ್ಣಿನ ನಡುಭಾಗಕ್ಕೆ ಹೊಗೆ ಕವಿದಂತಾಗತೊಡಗಿತ್ತು.

ಅಲ್ಲಿದ್ದ ಡಾಕ್ಟರಮ್ಮ ಒಂದು ಕಣ್ಣಿಗೆ ಟಾರ್ಚು ಬಿಟ್ಟು, ಥಟ್ಟನೆ ಇನ್ನೊಂದಕ್ಕೆ ಬಿಟ್ಟು, ಹಾಗೆ ಹಲವು ಸಲ ನೋಡಿದರು. ಕೆಂಪು ಬಿರಡೆಯೊಂದನ್ನು ಒಂದೊಂದೇ ಕಣ್ಣಿಗೆ ತೋರಿಸಿದರು. ಔಷಧ ಬಿಟ್ಟು ಕಣ್ಣಿನ ಒಳಗನ್ನೂ ನೋಡಿದರು. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಊದಿಕೊಂಡಿದೆ ಎಂದರು. ಸೇರಿಸಿಕೊಂಡು ಡ್ರಿಪ್ಪಿನಲ್ಲಿ ಸ್ಟಿರಾಯ್ಡ್ ಕೊಡಬೇಕು, ಅದಕ್ಕೆ ಮೊದಲು ರಕ್ತ ತೆಗೆದು ಆಂಟಿಬಾಡಿ ಟೆಸ್ಟಿಗೆ ದೂರದ ಲ್ಯಾಬಿಗೆ ಕಳಿಸಬೇಕು.

“ಹಾಗಂದ್ರೆ?” ಎಂದಳು ರಫೂ.

“ನಮ್ಮ ರಕ್ತದಲ್ಲಿ ಕಾವಲುಗಾರರು ಇರ್ತಾರೆ ಅಂದ್ಕೊಳ್ಳಿ. ಹೊರಗಿಂದ ಬರೋ ರೋಗಾನ ಹೊಡೆಯೋದು ಅವ್ರ ಕೆಲಸ. ಕೆಲವು ಸಲ ದಾರಿ ತಪ್ಪಿ ನಮ್ಮನ್ನೇ ಹೊಡೀತಾರೆ. ನರದ ಮೇಲೆ ಒಂದು ಹೊದಿಕೆ ಇರುತ್ತೆ, ಕರೆಂಟ್ ತಂತಿ ಮೇಲೆ ಇರುತ್ತಲ್ಲ, ಹಾಗೆ. ಅದಕ್ಕೆ ಏಟು ಬಿದ್ದಿರಬಹುದು.”

“ಅಂದ್ರೆ ನರಕ್ಕೂ ಒಂದು ಕೋಟು. ನನ್ನ ಬಟ್ಟೆಯ ದಾರವೇ ನನ್ನ ಕೋಟನ್ನ ಹರೀತಾ ಇದೆ.”

ಡಾಕ್ಟರಮ್ಮ ತಲೆದೂಗಿದರು. “ಹಾಗೇ ಅನ್ಕೊಳ್ಳಿ.”

“ಆ ಕೋಟಿಗೆ ರಫೂ ಹಾಕೋಕಾಗುತ್ತಾ?”

“ಸ್ವಲ್ಪ ಮಟ್ಟಿಗೆ ಮೈಯೇ ಹಾಕ್ಕೊಳ್ಳುತ್ತೆ. ನಾವು ಉರಿಯೋದನ್ನ ಆರಿಸಬೇಕು, ಅಷ್ಟೇ.”

“ನಾನು ಕೇಳೋದು ಒಂದೇ ಡಾಕ್ಟ್ರೇ. ಮುಂದೆ ನಂಗೆ ಎಳೆ ಕಾಣುತ್ತಾ?”

“ಅದನ್ನ ಟೆಸ್ಟು ಬಂದ್ಮೇಲೆ ಹೇಳೋದು ವಾಸಿ,” ಎಂದ ಅವರು ಅದೇಕೆಂದು ಬಿಡಿಸಿ ಹೇಳಿದರು. ಹುಡುಕುವುದು ಎರಡು ಆಂಟಿಬಾಡಿ. ಹೆಸರುಗಳು ಉದ್ದ, ಬೇಡ. ಮೊದಲನೆಯದು, ಎರಡನೆಯದು ಎನ್ನೋಣ ಎಂದರು. ಮೊದಲನೆಯದು ಸಿಕ್ಕರೆ ದೃಷ್ಟಿ ಪೂರ್ತಿ ಮರಳುವುದು ಕಷ್ಟ. ಅದು ಮತ್ತೆ ಮತ್ತೆ ಬರಬಹುದು, ಬೆನ್ನುಹುರಿಗೂ ಏಟು ಬೀಳಬಹುದು. ವರ್ಷಗಟ್ಟಲೆ ಔಷಧ ಬಿಡುವ ಹಾಗಿಲ್ಲ. ಎರಡನೆಯದಾದರೆ ದೃಷ್ಟಿ ಸಾಮಾನ್ಯವಾಗಿ ಚೆನ್ನಾಗಿ ಮರಳುತ್ತದೆ, ಆದರೆ ಮಾತ್ರೆಯನ್ನು ಅವಸರದಲ್ಲಿ ಇಳಿಸಿದರೆ ಕಾಯಿಲೆ ತಿರುಗಿ ಬರುತ್ತದೆ. ಎರಡೂ ಇಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. ಅವಳು ಪ್ರತಿಯೊಂದನ್ನೂ ತಿರುಗಿ ತನ್ನ ಬಾಯಲ್ಲಿ ಹೇಳಿ, ಸರಿಯೇ ಎಂದು ಕೇಳಿ, ಆಮೇಲೆಯೇ ತೋಳು ಚಾಚಿದಳು.

ಡ್ರಿಪ್ಪು ಮುಗಿಯುವ ಹೊತ್ತಿಗೆ ನೋವು ಹೋಗಿತ್ತು, ಹೊಗೆ ತೆಳುವಾಗಿತ್ತು. ರಿಪೋರ್ಟು ಬರುವವರೆಗೆ ತಪ್ಪದೆ ನುಂಗಿ ಎಂದು ಮಾತ್ರೆ ಕೊಟ್ಟು ಕಳಿಸಿದರು. ಅಂಗಡಿಗೆ ಬಂದವಳ ಮುಖ ಊದಿತ್ತು. “ಬೇಕರಿಯವರ ಹೆಂಡತಿ ಅಲ್ವಾ, ಬನ್ನಿನ ಹಾಗೆ ಉಬ್ಬಿದೀನಿ,” ಎಂದು ತಾನೇ ಮೊದಲು ನಕ್ಕಳು, ಬೇರೆ ಯಾರೂ ನಗದ ಹಾಗೆ. ಮುಖದ ಚಿಂತೆ ಅವಳಿಗಿರಲಿಲ್ಲ. ಮಾತ್ರೆಯಿಂದ ಬೆರಳು ನಡುಗುತ್ತಿತ್ತು. ಸೂಜಿ ಹಿಡಿದರೆ ತುದಿ ಎಳೆಯ ಪಕ್ಕಕ್ಕೆ ಬೀಳುತ್ತಿತ್ತು. ಅದು ಅವಳಿಗೆ ತಡೆಯಲಾಗಲಿಲ್ಲ.

ಒಂದು ದಿನ ಗಂಡ ಮೈತುಂಬ ಹಿಟ್ಟು ಮೆತ್ತಿಕೊಂಡೇ ಅಂಗಡಿಗೆ ಓಡಿ ಬಂದ.

“ರಫೂ! ಆಸ್ಪತ್ರೆಯಿಂದ ಫೋನ್ ಬಂತು. ರಿಪೋರ್ಟ್ ಬಂದಿದೆಯಂತೆ. ಮಾಗಿದೆಯಂತೆ ಕಣೇ!”

“ಏನು, ಮಾಗಿದೆ ಅಂದ್ರಾ? ಸರಿಯಾಗಿ ಕೇಳಿಸ್ಕೊಂಡ್ರಾ?”

“ಹೂಂ ಕಣೇ, ನರ್ಸಮ್ಮ ಬಾಯ್ಬಿಟ್ಟು ಹೇಳಿದ್ರು, ಮಾಗಿದೆ ಅಂತ.”

ಹಣ್ಣಿಗೆ ಹೇಳುವ ಮಾತನ್ನೇ ನಾವು ಗಾಯಕ್ಕೂ ಹೇಳುತ್ತೇವೆ. ಗಾಯ ಮಾಗಿತು ಎಂದರೆ ಮತ್ತೇನು ಬೇಕು? ಮಾಸ್ಟರು ಎಲ್ಲರಿಗೂ ಟೀ ತರಿಸಿದರು. ರಫೂ ಮಾತ್ರೆಯ ಡಬ್ಬಿಯನ್ನು ಕಿಟಕಿ ಹಲಗೆಯ ಮೂಲೆಗೆ ತಳ್ಳಿ, “ಇನ್ನು ನೀನು ರಜಾ ತಗೋ,” ಎಂದು ಅದಕ್ಕೇ ಹೇಳಿದಳು. ಸ್ವಲ್ಪ ದಿನಕ್ಕೆ ಬೆರಳಿನ ನಡುಕ ಇಳಿಯಿತು. ಗೋಡೆಗೆ ತೂಗಿದ್ದ ಕೆಂಪು ಕೋಟನ್ನು ತೆಗೆದು ಧೂಳು ಕೊಡವಿ ಇಟ್ಟುಕೊಂಡಳು.

ಆ ತಿಂಗಳು ಮುಗಿದಿರಲಿಲ್ಲ. ಒಂದು ಬೆಳಗ್ಗೆ ಕುರ್ಚಿಯಲ್ಲಿ ಕೂತವಳು ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿದಳು. ಮತ್ತೆ ಒರೆಸಿದಳು. “ದೊಡ್ಡಮ್ಮ, ಹೊರಗೆ ಮಂಜು ಬಿದ್ದಿದೆಯಾ?”

ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು. ನಾನು ಹೇಳಬೇಕಾಗಿ ಬರಲಿಲ್ಲ. ಅವಳು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿನಿಂದ ಕೋಟನ್ನು ನೋಡಿದಳು. ಈ ಸಲ ಎಡಗಣ್ಣು.

ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, “ಮಾತ್ರೆ ತಗೋತಿದೀರಾ?”

“ಬಿಟ್ಟೆ. ನೀವೇ ಮಾಗಿದೆ ಅಂದ್ರಲ್ಲ.”

“ನಾನಾ?”

“ಇಲ್ಲಿಂದ ಫೋನ್ ಮಾಡಿದ್ರಂತೆ, ನಮ್ಮನೆಯವರಿಗೆ.”

ನರ್ಸನ್ನು ಕರೆಸಿದರು. ಆಕೆ ಬಾಗಿಲಲ್ಲೇ ನಿಂತು, “ನಾನು ಹೇಳಿದ್ದು ‘ಮಾಗ್ ಪಾಸಿಟಿವ್ ಇದೆ, ಬಂದು ಡಾಕ್ಟರನ್ನ ನೋಡಿ’ ಅಂತ. ಆ ಕಡೆ ಏನೋ ಮಿಷನ್ನಿನ ಸದ್ದಿತ್ತು,” ಎಂದಳು.

ಆಗ ಗೊತ್ತಾಯಿತು. ಎರಡನೆಯ ಆಂಟಿಬಾಡಿಯ ಗಿಡ್ಡ ಹೆಸರು ಮಾಗ್. ಹಿಟ್ಟು ಕಲಸುವ ಮಿಷನ್ನಿನ ಸದ್ದು ನಡುವಿನ ‘ಪಾಸಿಟಿವ್’ ಅನ್ನೂ ಕೊನೆಯ ಮಾತನ್ನೂ ನುಂಗಿ, ಉಳಿದದ್ದನ್ನು ಸೇರಿಸಿ ‘ಮಾಗಿದೆ’ ಮಾಡಿತ್ತು.

ರಫೂ ಒಮ್ಮೆಲೇ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. “ಕಾಯಿಲೆ ಹೆಸರೇ ಮಾಗು ಅಂತ ಇಟ್ರೆ ನಾವೇನ್ ಮಾಡೋಣ ಡಾಕ್ಟ್ರೇ!”

“ನಗೋ ವಿಷಯ ಅಲ್ಲ,” ಎಂದರು ಅವರು, ಕೋಪದಿಂದಲೇ. “ಸ್ಟಿರಾಯ್ಡನ್ನ ಹಾಗೆ ಥಟ್ ಅಂತ ಯಾರಾದ್ರೂ ಬಿಡ್ತಾರಾ? ಇದು ಅದಕ್ಕೇ ಕಾಯ್ಕೊಂಡಿರೋ ಕಾಯಿಲೆ. ಜೀವಕ್ಕೂ ಅಪಾಯ ಆಗ್ತಿತ್ತು.” ಆಮೇಲೆ ದನಿ ಇಳಿಸಿದರು. “ಎರಡರಲ್ಲಿ ಇದೇ ಬಂದಿರೋದು ನಿಮ್ಮ ಪುಣ್ಯ. ಈ ಸಲವೂ ದೃಷ್ಟಿ ಬರೋ ಸಾಧ್ಯತೆ ಜಾಸ್ತಿ. ಬರೆದು ಕೊಡಿ ಅಂದ್ರೆ ಆಗಲ್ಲ. ಪ್ರತಿ ಸಲ ಬಂದಾಗಲೂ ನರದಲ್ಲಿ ನಾಲ್ಕೆಳೆ ಹೋಗೇ ಹೋಗುತ್ತೆ. ಹೋದ ಎಳೆ ವಾಪಸ್ ಬರಲ್ಲ.”

ರಫೂ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. ಎಳೆಯ ಲೆಕ್ಕ ಅವಳಿಗೆ ಬೇರೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. “ಸರಿ. ಇನ್ನೊಂದ್ಸಲ ಅದಕ್ಕೆ ಬಾಗಿಲು ತೆಗೆಯಲ್ಲ. ಮಾತ್ರೆ ಹೇಗೆ ಇಳಿಸ್ಬೇಕು, ಹೇಳಿ.”

“ತಿಂಗಳುಗಟ್ಟಲೆ. ಚೂರು ಚೂರೇ. ನಾನು ಹೇಳಿದಾಗ ಮಾತ್ರ.”

“ಹಳೇ ಹೊಲಿಗೆ ಬಿಚ್ಚೋ ಹಾಗೆ. ಜಗ್ಗಿದ್ರೆ ಬಟ್ಟೆ ಹರಿಯುತ್ತೆ.”

“ಅದೇ. ಆಮೇಲೂ ಕಾವಲುಗಾರರನ್ನ ಹದ್ದುಬಸ್ತಿನಲ್ಲಿಡೋ ಬೇರೆ ಔಷಧ ಬೇಕಾಗಬಹುದು. ಅದನ್ನ ಆಗ ನೋಡೋಣ.”

ಮತ್ತೆ ಡ್ರಿಪ್ಪು. ಗಂಡ ಆಸ್ಪತ್ರೆಗೆ ಬಂದು ಮಂಚದ ಕಾಲ ಬಳಿ ತಲೆ ತಗ್ಗಿಸಿ ನಿಂತ. “ನನ್ನಿಂದಲೇ ಆಯ್ತು ಕಣೇ.”

“ಹೂಂ. ನಿಮ್ಮ ಕಿವಿಗೂ ಒಂದು ಟೆಸ್ಟ್ ಬರ್ಸೋಣ್ವಾ ರೀ? ದೂರದ ಲ್ಯಾಬಿಗೆ ಕಳಿಸ್ತಾರೆ,” ಎಂದಳು. ಅವನು ಅತ್ತು, ನಕ್ಕು, ತಂದಿದ್ದ ಬ್ರೆಡ್ಡನ್ನು ನರ್ಸಿಗೇ ಕೊಟ್ಟುಬಿಟ್ಟ. ಆ ನರ್ಸು ಅಂದಿನಿಂದ ಫೋನಿನಲ್ಲಿ “ಎಂ, ಓ, ಜಿ” ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾಳೆಂದು ಕೇಳಿದ್ದೇನೆ.

ಕೆಲಸಕ್ಕೆ ಮರಳಿದವಳಿಗೆ ಮಾಸ್ಟರು, “ಕಾಜಾ ಹೊಲಿ, ಗುಂಡಿ ಹಾಕು, ಸಾಕು. ರಫೂ ಆಮೇಲೆ ನೋಡೋಣ,” ಎಂದರು. ಕೋಟನ್ನು ಹಿಂದಿರುಗಿಸುವುದಾಗಿಯೂ ಹೇಳಿದರು.

“ಗುಂಡಿ ದೊಡ್ಡಮ್ಮಂದು. ಅವ್ರ ಕುರ್ಚಿ ಕಿತ್ಕೊಂಡಿದ್ದೇ ಸಾಕು, ಕೆಲಸವನ್ನೂ ಕಿತ್ಕೊಳ್ಳಲ್ಲ. ಕೋಟು ಇಲ್ಲೇ ಇರ್ಲಿ ಮಾಸ್ಟರೇ. ಆತ ತುತ್ತೂರಿ ಅಡ್ಡ ಹಿಡ್ಕೊಳ್ಳಲಿ ಇನ್ನೊಂದಷ್ಟು ದಿನ.”

ಮೂಲೆಯಲ್ಲಿ ಬಿದ್ದಿದ್ದ ಗೋಣಿಚೀಲವೊಂದನ್ನು ತೆಗೆದುಕೊಂಡು, ಅದರಲ್ಲಿ ತಾನೇ ತೂತು ಮಾಡಿ, ದಬ್ಬಳದಲ್ಲಿ ರಫೂ ಹಾಕಲು ಕೂತಳು. ಮಾಸ್ಟರು ಹಣೆ ಚಚ್ಚಿಕೊಂಡರು. “ಗೋಣಿಚೀಲಕ್ಕೆ ರಫೂನಾ! ಒಳಗಿರೋ ಈರುಳ್ಳಿ ನಾಚ್ಕೊಂಡು ಸಾಯುತ್ತೆ.”

“ನಾಚ್ಕೊಳ್ಳಲಿ ಬಿಡಿ, ಕಣ್ಣೀರು ಹಾಕ್ಸೋಕೆ ಅದಕ್ಕೂ ಗೊತ್ತು.”

ಗೋಣಿಯ ಎಳೆ ದಪ್ಪ, ಮಂಜು ಕವಿದ ಕಣ್ಣಿಗೂ ಕಾಣುತ್ತದೆ. ನಡುಗುವ ಕೈಯನ್ನು ಮಣಿಕಟ್ಟಿನವರೆಗೆ ಮೇಜಿನ ಅಂಚಿಗೆ ಒತ್ತಿ ಹಿಡಿದು, ಬೆರಳ ತುದಿ ಮಾತ್ರ ಆಡುವ ಹಾಗೆ ಕೂರುವುದನ್ನು ಕಲಿತಳು. ಚೀಲದಿಂದ ಒರಟು ಟವೆಲಿಗೆ ಬಂದಳು. ಟವೆಲಿನಿಂದ ಕಂಬಳಿಗೆ. ಪ್ರತಿಯೊಂದನ್ನೂ ನನ್ನ ಮಡಿಲಿಗೆ ಹಾಕಿ “ಎಲ್ಲಿತ್ತು?” ಎನ್ನುವಳು. ನಾನು ನೋಡಿದ ಕೂಡಲೇ ತೋರಿಸುವೆ, ಅವಳು ಬಿಚ್ಚುವಳು. ಬಿಚ್ಚಿದ ಮೇಲೆ ನಿಟ್ಟುಸಿರು ಬಿಟ್ಟದ್ದನ್ನು ನಾನು ಕೇಳಲಿಲ್ಲ. ಒಂದು ದಿನ ಮಾತ್ರ ಸೂಜಿಯನ್ನು ಕಿಟಕಿಯಿಂದ ಆಚೆ ಎಸೆದಳು. ಹಿಂದೆಯೇ ರಸ್ತೆಗಿಳಿದು, ಬಗ್ಗಿ, ಧೂಳಿನಲ್ಲಿ ಅದನ್ನು ತಾನೇ ಹುಡುಕಿ ತಂದು, “ಸಿಕ್ತು ನೋಡಿ. ಅಷ್ಟು ಕಾಣುತ್ತೆ ಅಂತಾಯ್ತು,” ಎಂದಳು.

ಬೆಳಗ್ಗೆ ಬಂದ ಕೂಡಲೇ ನಮ್ಮಿಬ್ಬರಿಗೂ ಒಂದು ಕೆಲಸ. ನಾನು ಕೆಂಪು ದಾರದ ಉಂಡೆಯನ್ನು ಬೆಳಕಿಗೆ ಹಿಡಿಯಬೇಕು. ಅವಳು ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಬೇಕು. ಕೆಂಪು ನಿನ್ನೆಗಿಂತ ಇಳಿದಿಲ್ಲವಾದರೆ ಆ ದಿನ ಕೆಲಸ. ಒಂದು ಕಣ್ಣಿಗಾದರೂ ಇಟ್ಟಿಗೆಯತ್ತ ಇಳಿದರೆ ಆ ಕ್ಷಣವೇ ಆಸ್ಪತ್ರೆ. ಅಕ್ಷರ ಬೇಗ ಕಾಣತೊಡಗಿತು, ಬಣ್ಣ ತಡವಾಗಿ ಬಂತು. ಬಲಗಣ್ಣಿನ ಕೆಂಪು ಪೂರ್ತಿ ಮರಳಿತು. ಎಡಗಣ್ಣಿನದು ಒಂದು ಕೂದಲಷ್ಟು ಹಿಂದೆ ಉಳಿಯಿತು, ಸೋಪಿನ ನೀರಿನಲ್ಲಿ ಉಜ್ಜಿದ ಹಾಗೆ. ಅದು ಅಷ್ಟಕ್ಕೇ ನಿಂತಿದ್ದರೆ ಹೆದರಬೇಕಿಲ್ಲ, ಹೆಚ್ಚಾದರೆ ಬನ್ನಿ ಎಂದರು ಡಾಕ್ಟರಮ್ಮ. ಒಂದು ದಿನ ತಮಾಷೆಗೆ ನಾನು ಕಂದು ಉಂಡೆ ಹಿಡಿದೆ.

“ದೊಡ್ಡಮ್ಮ, ಈ ವಯಸ್ಸಲ್ಲಿ ಕಳ್ಳಾಟ ಬೇಡ. ಅದು ಮಾಸ್ಟರ ಪ್ಯಾಂಟಿನ ದಾರ.”

ಮಾತ್ರೆ ಕಾಲುಭಾಗಕ್ಕಿಳಿದ ಮೇಲೆ ಅವಳು ಕೋಟನ್ನು ಕೈಗೆತ್ತಿಕೊಂಡಳು. ಅದೇ ಒಳಅಂಚು, ಆ ದಿನ ಹಲಗೆಯ ಮೇಲಿಟ್ಟ ಎಳೆಯ ಜೊತೆಯವೇ ಎಳೆಗಳು. ಭೂತಗನ್ನಡಿ ಬಲಗಣ್ಣಿಗೆ. ಇತರ ಕೆಲಸಗಳಿಗೆ ಹಿಡಿಯುತ್ತಿದ್ದ ಸಮಯಕ್ಕಿಂತ ಬಹಳ ಹೆಚ್ಚು ಹಿಡಿಯಿತು. ನನ್ನ ಮಡಿಲಿಗೆ ಬಂದಾಗ ಮಾಸ್ಟರು ಕತ್ತರಿ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿದ್ದ ಮಾತು ನನಗೆ ತಿಳಿಯಿತು: ಸಿಗಲಿಲ್ಲ ಎಂದುಬಿಡಿ.

ಕಣ್ಣಿಗೆ ಸಿಗಲಿಲ್ಲ. ಹೆಬ್ಬೆರಳಿಗೆ ಸಿಕ್ಕಿತು. “ಇಲ್ಲಿ,” ಎಂದೆ.

ರಫೂ ಕೋಟನ್ನು ಕಸಿದುಕೊಂಡು ನೋಡಿದಳು, ಅವಳ ಮುಖ ಅರಳಿತು. “ಬಣ್ಣ ಸರಿ ಇದೆಯಾ?”

“ಬಣ್ಣಕ್ಕೆ ಹೆಸರಿಡೋ ಹಾಗಿಲ್ಲ. ಒಂದೆಳೆ ದಪ್ಪ.”

“ದಪ್ಪ ನನ್ನ ಕೈ ತಪ್ಪು, ಕಣ್ಣಿಂದಲ್ಲ,” ಎಂದು ಹಾಡಿನ ರಾಗದಲ್ಲಿ ಹೇಳುತ್ತಾ ಬಿಚ್ಚಲು ಕೂತಳು. ಮರುದಿನ ಕೊಟ್ಟಾಗ ನನಗೆ ಕಣ್ಣಿಗೂ ಸಿಗಲಿಲ್ಲ, ಬೆರಳಿಗೂ ಸಿಗಲಿಲ್ಲ. ತುತ್ತೂರಿಯವನು ಕೋಟು ತೊಟ್ಟು ಕನ್ನಡಿಯ ಮುಂದೆ ಎಡಕ್ಕೆ ಬಲಕ್ಕೆ ತಿರುಗಿ, “ಇದು ನನ್ನ ಕೋಟೇನಾ? ನನ್ನದರಲ್ಲಿ ತೂತಿತ್ತು,” ಎಂದ. ಹೋಗುವಾಗ ಬಾಗಿಲಲ್ಲಿ ನಿಂತು, “ಅಂತೂ ಕಣ್ಣು ವಾಸಿಯಾಯ್ತಲ್ಲ ತಾಯಿ?” ಎಂದು ಕೇಳಿದ. ಅವಳು ನಕ್ಕಳು.

ಅವನು ಹೋದ ಮೇಲೆ ಆ ಹೊತ್ತಿನ ಕಾಲು ಮಾತ್ರೆಯನ್ನು ನೀರಿನ ಜೊತೆ ನುಂಗಿದಳು. ಸೂಜಿಯ ಕಣ್ಣಿಗೆ ದಾರ ಪೋಣಿಸಿ, ತುದಿಯನ್ನು ಕಚ್ಚಿ ಕತ್ತರಿಸಿ, ನನ್ನ ಕಡೆ ತಿರುಗಿದಳು.

“ದೊಡ್ಡಮ್ಮ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ನೀವು ಏನಂತೀರಿ? ಮಾಗಿದೆ ಅಂತೀರೋ, ಮಾಗ್ತಾ ಇದೆ ಅಂತೀರೋ?”